ಬೀಗರ ಹಿಂದೆ ಐದು ದೊಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರವಾಸದಲ್ಲಿ ನಡೆದು ಸವೆದದ್ದು ನನ್ನ ಕಾಲಾದರೂ, ನನ್ನನ್ನು ಮನೆಯಿಂದ ಹೊರಡಿಸಿದ್ದು ನನ್ನ ಬಾಯಿ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನ ಗಂಟಲಲ್ಲಿರುತ್ತದೆ. ಬಟವಾಡಿಯಿಂದ ಹಾಲು ತರುವ ರಾಮಣ್ಣ, ಇಂಗ್ಲಿಷ್ ಪದಕ್ಕೊಂದು ಸೀನು ಸೀನುವ ನಮ್ಮ ಹೆಡ್‌ಮಾಸ್ತರರು, ಕೆಮ್ಮಿಯೇ ಕಾಫಿ ಕೇಳುವ ನಮ್ಮಪ್ಪ, ಎಲ್ಲರೂ ನನ್ನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ನನ್ನ ಸ್ವಂತ ದನಿ ಹೇಗಿದೆಯೆಂದು ಕೇಳಿದರೆ ಮಾತ್ರ ಹೇಳಲಾರೆ. ಅದನ್ನು ಬಳಸಿದ್ದೇ ಕಡಿಮೆ.

ಈ ವಿದ್ಯೆಯನ್ನು ನಾನು ನನ್ನ ಅಕ್ಕ ಜಯಮ್ಮನ ಮದುವೆಯಲ್ಲಿ ಪ್ರದರ್ಶಿಸಿದೆ. ಗಂಡಿನ ತಂದೆ ರಂಗಪ್ಪನವರು ಕುಣಿಗಲ್ಲಿನವರು. ಸರ್ವೆ ಇಲಾಖೆಯಲ್ಲಿ ಮೋಜಿಣಿದಾರರಾಗಿ ಹೊಲ ಗದ್ದೆ ಅಳೆದೂ ಅಳೆದೂ ನಿವೃತ್ತರಾದವರು. ಮರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂಥ ದನಿ. ಪ್ರತಿ ಮಾತಿಗೂ ಮೊದಲು "ಹ್ಞಾಂ, ನೋಡಿ" ಎನ್ನುತ್ತಿದ್ದರು. ಇಂಥ ದನಿ ಸಿಕ್ಕಿದರೆ ಬಿಡಲು ಸಾಧ್ಯವೆ? ಬೀಗರ ಪಂಕ್ತಿ ಊಟಕ್ಕೆ ಕೂತಿತ್ತು. ಅಡಿಗೆ ಮನೆಗೂ ಪಂಕ್ತಿಗೂ ನಡುವೆ ಒಂದು ಜಮಖಾನದ ಪರದೆ. ಅದರ ಹಿಂದೆ ನಿಂತು, ಇಬ್ಬರು ಗೆಳೆಯರನ್ನು ನಗಿಸಲೆಂದು, ರಂಗಪ್ಪನವರ ದನಿಯಲ್ಲಿ ಹೇಳಿದೆ: "ಹ್ಞಾಂ, ನೋಡಿ. ಸಾಕು. ಏಳಿ ಎಲ್ಲಾ, ಕೈ ತೊಳೀರಿ."

ಗೆಳೆಯರು ನಗಲಿಲ್ಲ. ಪರದೆಯಾಚೆ ಅರವತ್ತು ಜನ ಎದ್ದು ನಿಂತರು.

ಪಂಕ್ತಿಯ ಹಿರಿಯರು ಏಳುವವರೆಗೆ ಯಾರೂ ಏಳಬಾರದು, ಹಿರಿಯರು ಮಜ್ಜಿಗೆ ಅನ್ನ ಮುಗಿಸದೆ ಏಳಬಾರದು ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಬೀಗರ ಪಂಕ್ತಿ ಮಜ್ಜಿಗೆಗೆ ಮುಂಚೆ ಎದ್ದರೆ "ನಿಮ್ಮ ಮನೆಯ ಅನ್ನ ನಮಗೆ ಬೇಡ" ಎಂದು ಮುಖಕ್ಕೇ ಹೇಳಿದಂತೆ. ಮಜ್ಜಿಗೆಯ ಕೊಳಗ ಬಾಗಿಲಲ್ಲೇ ನಿಂತಿತ್ತು. ರಂಗಪ್ಪನವರೊಬ್ಬರೇ ಕೈತುಂಬ ಸಾರನ್ನ ಕಲಸಿಕೊಂಡು ಕೂತಿದ್ದರು. ಅಪ್ಪ ಓಡಿ ಬಂದು, "ಯಾಕೆ ಬೀಗರೇ, ಏನು ಕಮ್ಮಿಯಾಯ್ತು?" ಎಂದರು. ರಂಗಪ್ಪನವರು ಒಮ್ಮೆ ಪರದೆಯ ಕಡೆ ನೋಡಿ, ನಿಧಾನವಾಗಿ ಎದ್ದು, "ಏನಿಲ್ಲ. ನಾನೇ ಏಳಿ ಅಂದೆ" ಎಂದರು. ಮುದುಕರು ಗಲಿಬಿಲಿಯಲ್ಲಿ ಒಪ್ಪಿಕೊಂಡರು, ನಾನು ಬಚಾವಾದೆ ಎಂದುಕೊಂಡೆ. ನನ್ನ ಬುದ್ಧಿಯ ಅಳತೆ ಅಷ್ಟು.

ಅಪ್ಪ ಮಾತ್ರ ಅಂದಿನಿಂದ ಕುಣಿಗಲ್ಲಿನ ಹೊಸಿಲು ತುಳಿಯಲಿಲ್ಲ. ಒಂದೂವರೆ ವರ್ಷ ಕಳೆಯಿತು. ಅಕ್ಕ ಬಸುರಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ತವರಿನವರು ಹೋಗಿ ಕರೆಯಬೇಕು. ಕರೆಯದೆ ಅತ್ತೆಮನೆಯವರು ಕಳಿಸುವುದಿಲ್ಲ. ಅಪ್ಪನದು ಒಂದೇ ಮಾತು: "ನಮ್ಮ ಪಂಕ್ತಿ ಎಬ್ಬಿಸಿದ ಮನುಷ್ಯನ ಬಾಗಿಲಿಗೆ ನಾನು ಹೋಗಿ ನಿಲ್ಲೋದಿಲ್ಲ. ಅವರಾಗಿ ಬರಲಿ." ಅಮ್ಮ ಅಡಿಗೆ ಮನೆಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ನಿಜ ಹೇಳಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷ ನನಗೆ ಒಂದೂವರೆ ವರ್ಷವಾದರೂ ಸಿಕ್ಕಿರಲಿಲ್ಲ.

ಹೊಸ ಪೈಸೆ ಬಂದ ಮಾರನೆಯ ವರ್ಷದ ಮೇ ತಿಂಗಳ ಕೊನೆಯಲ್ಲಿ ಅಕ್ಕನ ಕಾಗದ ಬಂತು. ಅವಳಿಗೆ ಕವಳೆ ಹಣ್ಣಿನ ಬಯಕೆಯಂತೆ. ಮಾವ ರಂಗಪ್ಪನವರು ಪ್ರತಿವರ್ಷ ಮಳೆಗೆ ಮುಂಚೆ ಗುಬ್ಬಿಯಿಂದ ಹುತ್ರಿದುರ್ಗದವರೆಗೆ ಗುಡ್ಡಗಳ ದೊಣೆ ನೋಡಿಕೊಂಡು ನಡೆಯುತ್ತಾರಂತೆ. ಈ ಸಲ ಹಣ್ಣು ತರುತ್ತೇನೆ ಎಂದಿದ್ದಾರಂತೆ. ಭಾವ ಮೇಷ್ಟರ ತರಬೇತಿಗೆಂದು ಮೈಸೂರಿಗೆ ಹೋಗಿರುವುದರಿಂದ ಜೊತೆಗೆ ಯಾರೂ ಇಲ್ಲವಂತೆ. ಮಾವನಿಗೆ ಮಂಡಿನೋವು ಬೇರೆ. ಅಮ್ಮ ಕಾಗದ ಮಡಿಸಿ ನನ್ನ ಜೇಬಿಗೆ ತುರುಕಿ, "ನೀನು ಹೋಗು. ನಿನ್ನ ಕಾಲಾದ್ರೂ ಪ್ರಯೋಜನಕ್ಕೆ ಬರ್ಲಿ" ಎಂದಳು. ಅಪ್ಪ ಕೆಮ್ಮಿದರು. ಕಾಫಿಗಲ್ಲ, ಒಪ್ಪಿಗೆಗೆ.

ಭಾನುವಾರ ಬೆಳಿಗ್ಗೆ ತುಮಕೂರಿನಲ್ಲಿ ರೈಲು ಹತ್ತಿದೆ. ಗುಬ್ಬಿಗೆ ಹನ್ನೆರಡು ಮೈಲಿ. ಟಿಕೆಟ್ಟಿಗೆ ಐದಾಣೆ ಚಾಚಿದರೆ ಕಿಟಕಿಯೊಳಗಿನವನು "ಮೂವತ್ತೊಂದು ಹೊಸ ಪೈಸೆ ಅನ್ನಪ್ಪಾ" ಎಂದು ತಿದ್ದಿದ. ಗಾಡಿ ಹೊರಡುವಷ್ಟರಲ್ಲಿ ಅವನ ದನಿ ನನಗೆ ಬಂದುಬಿಟ್ಟಿತ್ತು. ಎದುರು ಕೂತ ಎಲೆ ವ್ಯಾಪಾರಿಗೆ ಅದನ್ನು ಮಾಡಿ ತೋರಿಸಿ ಎರಡು ವೀಳ್ಯದೆಲೆ ಸಂಪಾದಿಸಿದೆ.

ಅಮ್ಮ ಮೊದಲೇ ಕಾಗದ ಹಾಕಿಸಿದ್ದರಿಂದ ಮಾವ ಗುಬ್ಬಿಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರು. ಎರಡೂ ಜೇಬು ಜೋತ ಖಾಕಿ ಕೋಟು, ಕೊಡೆ, ಗಿಡ್ಡ ಗುದ್ದಲಿ, ಒಂದು ಮಂಕರಿ, ಸಮನಾಗಿ ಗೆರೆ ಕೊರೆದ ಒಂದು ಕೋಲು.

"ಹ್ಞಾಂ, ನೋಡು. ರೈಲು ಹತ್ತು ನಿಮಿಷ ಲೇಟು. ಚಪ್ಪಲಿ ಗಟ್ಟಿ ಇದಿಯಾ?"

"ಇದೆ ಮಾವ."

ಅವರು ನನ್ನ ಮುಖಕ್ಕಿಂತ ಕಾಲನ್ನೇ ಹೆಚ್ಚು ಹೊತ್ತು ನೋಡಿದರು. ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ ತಲೆಗೆ ನಾಲ್ಕು ಇಡ್ಲಿ, ಕಾಫಿ ಆಯಿತು. ಮಂಕರಿ ನನ್ನ ತಲೆಗೆ ಬಂತು. ಕೆರೆಯ ಏರಿ ಹತ್ತಿ ದಕ್ಷಿಣಕ್ಕೆ ಹೊರಟೆವು. ಗುಬ್ಬಿಯ ಕೆರೆಯಲ್ಲಿ ನೀರು ನಡುವಿಗೆ ಸರಿದು, ಅಂಚಿನ ಕೆಸರು ಒಣಗಿ ಹಪ್ಪಳದಂತೆ ಎದ್ದಿತ್ತು.

ಮಾವ ಸುಮ್ಮನೆ ನಡೆಯುವವರಲ್ಲ, ಎಣಿಸುತ್ತ ನಡೆಯುವವರು. ನೂರು ಹೆಜ್ಜೆಯಾದರೆ ಎಡಜೇಬಿನ ಹುಣಸೆ ಬೀಜವೊಂದು ಬಲಜೇಬಿಗೆ. ಇಪ್ಪತ್ತೊಂದು ಬೀಜವಾದರೆ ಒಂದು ಮೈಲಿ. ನೌಕರಿಯಲ್ಲಿ ಹತ್ತಿದ ಚಾಳಿ, ಬಿಟ್ಟಿರಲಿಲ್ಲ. ನಾನು ಎರಡು ಬೀಜದ ದೂರ ಧೈರ್ಯ ಕೂಡಿಸಿಕೊಂಡು, "ಮಾವ, ಒಂದು ಮಾತು..." ಎಂದೆ.

"ಎಂಬತ್ತೇಳು, ಎಂಬತ್ತೆಂಟು," ಎಂದರು ಮಾವ, ಅಂಗೈ ಎತ್ತಿ ನನ್ನನ್ನು ತಡೆದು.

ನೂರಾಗಲಿ ಎಂದು ಕಾದೆ. ಬೀಜ ಜೇಬು ಬದಲಿಸಿತು. "ಮಾವ, ಅದು..." ಎನ್ನುವಷ್ಟರಲ್ಲಿ "ಒಂದು, ಎರಡು" ಶುರುವಾಯಿತು. ಮೂರನೆಯ ಸಲ ನಾನು ಬಿಡದೆ ಮಾತಾಡಿದ್ದಕ್ಕೆ ಅವರು ಗಕ್ಕನೆ ನಿಂತರು. "ತಪ್ಪಿತು. ವಾಪಸ್ ನಡಿ, ಆ ಬೇವಿನ ಮರದಿಂದ" ಎಂದು ನನ್ನನ್ನೂ ಹಿಂದಕ್ಕೆ ನಡೆಸಿದರು. ಆ ಬಿಸಿಲಿನಲ್ಲಿ ಅರವತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದ ಮೇಲೆ ನನ್ನ ತಪ್ಪೊಪ್ಪಿಗೆಗೆ ಅಂಥ ಅವಸರವೇನಿಲ್ಲ ಅನ್ನಿಸಿತು.

ಮೊದಲ ದೊಣೆ ಒಂಬತ್ತನೆಯ ಮೈಲಿಯ ಗುಡ್ಡದ ಮೇಲಿತ್ತು. ದೊಣೆ ಎಂದರೆ ಬಂಡೆಯ ಮೇಲೆ ತಾನಾಗಿ ಆದ ನೀರಿನ ಗುಂಡಿ. ಕೆಲವು ಹಂಡೆಯಷ್ಟು, ಕೆಲವು ಪುಟ್ಟ ಕೆರೆಯಷ್ಟು. ಕೆಳಗೆ ಬಾವಿಗಳೆಲ್ಲ ತಳ ಕಂಡಿದ್ದರೂ ಇಲ್ಲಿ ಮೊಣಕಾಲುದ್ದ ನೀರು, ಅದರಲ್ಲಿ ತೇಲುವ ಒಣ ಎಲೆ, ನಮ್ಮನ್ನು ಕಂಡು ಮುಳುಗಿದ ನಾಲ್ಕು ಕಪ್ಪೆ. ಮಾವ ಗೆರೆಯ ಕೋಲು ಇಳಿಸಿ ಆಳ ನೋಡಿದರು. ಆಮೇಲೆ ಪಂಚೆ ಮೇಲಕ್ಕೆ ಕಟ್ಟಿ ಇಳಿದು ಗುದ್ದಲಿಯಲ್ಲಿ ಹೂಳೆತ್ತತೊಡಗಿದರು. ನಾನು ಮಂಕರಿಯಲ್ಲಿ ಹೊತ್ತು ಬಂಡೆಯಾಚೆ ಸುರಿದೆ. ಎರಡು ಗಂಟೆ ಇದೇ ಕೆಲಸ.

"ಇದು ಯಾರ ಜಮೀನು ಮಾವ?"

"ಯಾರದ್ದೂ ಅಲ್ಲ. ಸರ್ಕಾರಿ ಗುಡ್ಡ."

"ಮತ್ತೆ ನೀವ್ಯಾಕೆ...?"

"ಹನ್ನೆರಡು ವರ್ಷ ಈ ಬಯಲಲ್ಲಿ ಅಳತೆ ಚೈನು ಎಳೆಸಿದೀನಿ. ಬಾಯಾರಿದಾಗ ಇದನ್ನ ಕುಡ್ದಿದೀನಿ."

"ಅದಕ್ಕೇ?"

"ಅದಕ್ಕೇ ಅಂದ್ರೆ ಇನ್ನೇನ್ಲಾ? ಕುಡ್ದಿದೀನಿ."

ಆ ಸಂಜೆ ಅವರ ಹಳೆಯ ಚೈನ್‌ಮನ್ ಒಬ್ಬನ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡೆವು. ಮುದ್ದೆ ಎಷ್ಟು ಬಿಸಿಯಿತ್ತೆಂದರೆ ಮೊದಲ ತುತ್ತಿಗೇ ನನ್ನೊಳಗಿನ ದನಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಮನೆಯಾಕೆ ನಕ್ಕು, ಇನ್ನೊಂದು ಮುದ್ದೆ ಇಟ್ಟಳು. ಮಲಗಲು ಶಾಲೆಯ ಜಗಲಿ ಸಿಕ್ಕಿತು. ಕಾಲಿನ ಬೊಬ್ಬೆಗಳಿಗೆ ಮಾವನೇ ಹರಳೆಣ್ಣೆ ಸವರಿದರು. ಆಗಲೂ ನನ್ನ ಎಡಗಾಲನ್ನು ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದರು.

ಸೋಮವಾರ ಎರಡು ದೊಣೆ. ಎರಡನೆಯದು ಚಿಕ್ಕದು, ಅರ್ಧ ಗಂಟೆಯ ಕೆಲಸ. ಮೂರನೆಯದನ್ನು ದೊಣೆ ಅನ್ನುವುದಕ್ಕಿಂತ ಕೆರೆ ಅನ್ನಬೇಕು. ಎರಡು ಗುಡ್ಡಗಳ ಹೆಗಲ ನಡುವೆ, ಕೆಳಗಿನಿಂದ ಯಾರಿಗೂ ಕಾಣದಂತೆ, ಹಸಿರು ಗಾಜಿನಂಥ ನೀರು ಮಲಗಿತ್ತು. ಸುತ್ತಲೂ ಕವಳೆ ಪೊದೆ. ಕಪ್ಪಾಗಿ ಕಳಿತ ಹಣ್ಣು, ಕೆಂಪು ದೋರೆಗಾಯಿ, ಹಸಿರು ಕಾಯಿ, ಒಂದೇ ರೆಂಬೆಯಲ್ಲಿ ಮೂರೂ ತೂಗುತ್ತಿದ್ದವು. ದಡದ ಮೇಲಿದ್ದ ಒಂಟಿ ನೇರಳೆ ಮರದ ಕೆಳಗೆ ನೆಲವೆಲ್ಲ ನೀಲಿ. ನಾನು ಎರಡೂ ಕೈಯಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡೆ. ದುರಾಸೆಗೆ ಕಾಯಿ ಯಾವುದು ಹಣ್ಣು ಯಾವುದು ನೋಡಲಿಲ್ಲ. ಕವಳೆ ಕಾಯಿಯ ಹಾಲು ಗೋಂದಿನಂತೆ. ತುಟಿಗೆ ತುಟಿ ಅಂಟಿತು.

ಅದೇ ಹೊತ್ತಿಗೆ ಮೇಕೆಗಳ ಹಿಂದೆ ಒಬ್ಬ ಮುದುಕಿ ಬಂದಳು. ಕರಿಯಮ್ಮ, ಕೆಳಗಿನ ಹಟ್ಟಿಯವಳು.

"ಯಾರಪ್ಪಾ ಅದು, ಮೋಜಿಣಿದಾರಪ್ಪನಾ? ಇನ್ನೂ ಇದೀಯಾ?"

"ಇದೀನಿ ಕಣಮ್ಮ. ನೀನು?"

"ನಾನು ಎಲ್ಗೋಗ್ಲಿ? ಮೇಕೆ ಬುಡ್ಬೇಕಲ್ಲ. ಈ ಹೈದ ಯಾರು?"

"ನಮ್ಮ ಬೀಗರ ಮಗ."

"ಯಾವ ಬೀಗ್ರು? ಮಜ್ಗೆ ಬರಾಕ್ ಮುಂಚೆ ನೀನು ಪಂಕ್ತಿ ಎಬ್ಬಿಸ್ದೆಯಂತಲ್ಲಾ, ಆ ಬೀಗ್ರಾ?" ಕರಿಯಮ್ಮ ಕೋಲೂರಿ ನಿಂತಳು. "ಏನಪ್ಪಾ ನಿಂಗೆ ಬಂದಿದ್ದು? ಇಷ್ಟು ವಯಸ್ಸಾಗಿ, ಉಣ್ಣೋ ಜನಾನ ಎಬ್ಬಿಸ್ತಾರಾ? ನಮ್ಮಟ್ಟೀಲಿ ತಿಂಗ್ಳುಗಟ್ಲೆ ಇದೇ ಮಾತು. ಮೋಜಿಣಿದಾರಪ್ಪ ದೊಡ್ ಮನ್ಸ ಅನ್ಕಂಡಿದ್ವಿ, ಇಷ್ಟೇನಾ ಅಂತ."

"ಹೂ ಕಣಮ್ಮ, ಎಬ್ಬಿಸ್ದೆ," ಎಂದರು ಮಾವ, ಹೂಳು ಎತ್ತುತ್ತಲೇ. "ಅವತ್ತು ಹೊಟ್ಟೆ ಸರಿಯಿರ್ಲಿಲ್ಲ."

"ಹೊಟ್ಟೆ ಸರಿಯಿಲ್ದಿದ್ರೆ ಮಜ್ಗೆ ಕುಡೀಬೇಕು ಕಣಪ್ಪಾ!"

ಮಾವ ನಕ್ಕರು. ನಾನು ಪೊದೆಯ ಪಕ್ಕ ನಿಂತಿದ್ದೆ. ಮಜ್ಜಿಗೆ ಬಿಟ್ಟ ಮನುಷ್ಯ ಎಂಬ ಹೆಸರು ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಅವರಿಗಿಂತ ಮುಂದೆ ನಡೆದು ಹೋಗಿದೆ, ಅದನ್ನವರು ಒಂದೂವರೆ ವರ್ಷದಿಂದ ನನ್ನ ಮಂಕರಿಯಂತೆ ತಲೆಯ ಮೇಲೆ ಹೊತ್ತಿದ್ದಾರೆ ಎಂಬುದು ಆಗ ಗೊತ್ತಾಯಿತು. "ಅವರಲ್ಲ, ನಾನು" ಎನ್ನಬೇಕಿತ್ತು. ಕವಳೆಯ ಹಾಲು ತುಟಿಗೆ ಅಂಟಿತ್ತು ಎಂಬುದು ನಿಜ. ಬಿಚ್ಚಲಾಗದಷ್ಟು ಅಂಟಿತ್ತು ಎಂಬುದು ಸುಳ್ಳು.

ಹಣ್ಣು ಬಸುರಿ ಅಕ್ಕನಿಗೆಂದು ತಿಳಿದಾಗ ಕರಿಯಮ್ಮ ನನ್ನ ಕೈಯಲ್ಲಿದ್ದುದನ್ನೆಲ್ಲ ನೆಲಕ್ಕೆ ಚೆಲ್ಲಿಸಿದಳು. "ಇವು ಮೇಕೆಗೂ ಬ್ಯಾಡ. ಬಸ್ರಿ ಬಾಯಿಗೆ ನೆರಳಲ್ಲಿರೋ ಗಿಡದ್ದು ಕೀಳ್ಬೇಕು, ಅರ್ಧ ಹುಳಿ ಅರ್ಧ ಸೀ" ಎಂದು ಬಗ್ಗಿ, ಮುಳ್ಳಿನೊಳಗೆ ಕೈ ತೂರಿಸಿ, ಒಂದೊಂದೇ ಆರಿಸಿ ಕಿತ್ತಳು. ಮುತ್ತುಗದ ಎಲೆಯ ದೊನ್ನೆ ಕಟ್ಟಿ ತುಂಬಿಸಿ ಕೊಟ್ಟಳು. ಅವಳ ಮೊಣಕೈಯವರೆಗೆ ಗೀರುಗಳು. ದುಡ್ಡು ಕೊಡಲು ಹೋದ ನನಗೆ "ಗಿಡ ನಂದಾ?" ಎಂದಳಷ್ಟೆ.

ಮಂಗಳವಾರ ಬೆಳಿಗ್ಗೆ ನಾಲ್ಕನೆಯ ದೊಣೆ ಮುಗಿಸಿ, ಕೊತ್ತಗೆರೆಯ ದಾರಿ ಹಿಡಿದು, ಮಧ್ಯಾಹ್ನಕ್ಕೆ ಕುಣಿಗಲ್ ಸೇರಿದೆವು. ಕೊನೆಯ ಎರಡು ಮೈಲಿ ತೆಂಗಿನ ತೋಟಗಳ ನೆರಳು. ಒಬ್ಬ ರೈತ ಕೇಳದೆಯೇ ಎರಡು ಎಳನೀರು ಕೆತ್ತಿಕೊಟ್ಟ. ಅದರ ರುಚಿಗೆ ಅವನ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹೊಟ್ಟೆ ಮುಂದೆ ಬಂದು, ಮುಖ ಹಿಂದೆ ಹೋಗಿತ್ತು. "ಏನ್ಲಾ, ನಿಜವಾಗ್ಲೂ ನಡ್ಕೊಂಡೇ ಬಂದ್ಯಾ? ಬಸ್ಸಿಗೆ ಬೀದಿ ದಾಟೋಕೂ ಅಳ್ತಿದ್ದೆ!" ಎಂದು ದೊನ್ನೆ ಕಿತ್ತುಕೊಂಡು, ಉಪ್ಪು ಮೆಣಸಿನ ಪುಡಿ ಉದುರಿಸಿ, ಅಲ್ಲೇ ಹಜಾರದಲ್ಲಿ ಕೂತು ತಿನ್ನತೊಡಗಿದಳು. ಅತ್ತೆ ಒಳಗಿನಿಂದ "ನಿಧಾನ ಕಣೇ" ಎಂದರು. ಅರ್ಧ ದೊನ್ನೆಯಾದ ಮೇಲೆ ಅಕ್ಕ ತಲೆಯೆತ್ತದೆ ಕೇಳಿದಳು.

"ಅಪ್ಪ ಕರೆಯೋಕೆ ಬರ್ತಾರೇನೋ?"

ನಾನು ಉಪ್ಪಿನ ಡಬ್ಬಿಯನ್ನು ಅವಳ ಕಡೆ ಸರಿಸಿದೆ.

"ನಾಳೆ ಮಾವ ಬೆಟ್ಟಕ್ಕೆ ಹೋಗ್ತಾರೆ. ಶುಕ್ರವಾರ ಮನೆ ಹೆಣ್ಣನ್ನ ಹೊಸಿಲು ದಾಟಿಸಲ್ಲ. ಶನಿವಾರ ನಂಗೆ ಎಂಟನೇ ತಿಂಗಳು ಬೀಳುತ್ತೆ, ಎಂಟ್ರಲ್ಲಿ ಕಳಿಸೋ ಪದ್ಧತಿ ಇಲ್ಲ. ಇನ್ನು ಗುರುವಾರ ಒಂದೇ ಉಳಿದಿರೋದು." ಅವಳು ಮೂಲೆಯ ಟ್ರಂಕನ್ನು ತೋರಿಸಿದಳು. "ಕಟ್ಟಿಟ್ಟು ಹತ್ತು ದಿನ ಆಯ್ತು. ಇಲ್ಲಿ ಎಲ್ಲಾ ಚೆನ್ನಾಗೇ ನೋಡ್ಕೊಳ್ತಾರೆ ಕಣೋ. ಆದ್ರೂ ಆ ಹೊತ್ತಲ್ಲಿ ಹಿಡ್ಕೊಳ್ಳೋಕೆ ಅಮ್ಮನ ಕೈ ಬೇಕು ಅನ್ಸುತ್ತೆ."

ನನ್ನ ಅಕ್ಕ ಅಳುವವಳಲ್ಲ. ಇನ್ನೊಂದು ಹಣ್ಣು ಬಾಯಿಗೆ ಹಾಕಿಕೊಂಡಳು.

ಬುಧವಾರ ಹುತ್ರಿದುರ್ಗ. ಬೆಳಗಿನ ಬಸ್ಸು ನಮ್ಮನ್ನು ದಾರಿಯಲ್ಲಿ ಇಳಿಸಿತು. ಬುಡದ ಹಳ್ಳಿಯಿಂದ ಹತ್ತುವಾಗ ಮಾವ ಹೆಜ್ಜೆ ಎಣಿಸಲಿಲ್ಲ. ಬೆಟ್ಟ ಹತ್ತುವ ಹೆಜ್ಜೆ ಲೆಕ್ಕಕ್ಕೆ ಬರುವುದಿಲ್ಲವಂತೆ. ಕೋಟೆಯ ಬಾಗಿಲೊಂದು ದಾಟಿದರೆ ಇನ್ನೊಂದು. ಹಳೆಯ ಪಾಳೆಯಗಾರರಿಗೆ ಬೇರೆ ಕೆಲಸವಿರಲಿಲ್ಲವೇನೊ. ಮೂರನೆಯ ಬಾಗಿಲಲ್ಲಿ ಮಾವನ ಮಂಡಿ ಮುಷ್ಕರ ಹೂಡಿತು. "ನೀನು ಮೇಲೆ ಹೋಗಿ ಹೂಳೆತ್ತುತಿರು. ನಾನು ನಿಧಾನವಾಗಿ ಬರ್ತೀನಿ" ಎಂದು ಕಲ್ಲಿನ ಮೇಲೆ ಕೂತರು.

ಮೇಲಿನ ದೊಣೆ ಐದರಲ್ಲೂ ದೊಡ್ಡದು. ಬಂಡೆಯ ಬೊಗಸೆಯಲ್ಲಿ ತುಂಬಿದ ಆಕಾಶ. ಪಶ್ಚಿಮಕ್ಕೆ, ತೆಂಗಿನ ತೋಟಗಳ ಆಚೆ, ಕುಣಿಗಲ್ ದೊಡ್ಡಕೆರೆ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು. ಗಾಳಿಗೆ ಮಳೆಯ ಮೊದಲ ವಾಸನೆಯಿತ್ತು. ಇಷ್ಟು ಚೆಂದದ ಜಾಗಕ್ಕೆ ನನ್ನಂಥವನನ್ನು ಕರೆತಂದದ್ದಕ್ಕೆ ಮಾವನಿಗೂ ಅವರ ಮಂಡಿಗೂ ಮನಸ್ಸಿನಲ್ಲೇ ಕೈಮುಗಿದು ಗುದ್ದಲಿ ಹಿಡಿದೆ. ಹತ್ತು ಮಂಕರಿ ಎತ್ತಿದ ಮೇಲೆ, ಇವತ್ತು ಹೇಳದಿದ್ದರೆ ಇನ್ನಿಲ್ಲ ಎಂದು, ಅಭ್ಯಾಸ ಶುರುಮಾಡಿದೆ. ನಾಟಕಕ್ಕೆ ಮುಂಚೆ ಮಾಡುವಂತೆ ಎರಡೂ ಪಾತ್ರ ನನ್ನದೇ.

"ಮಾವ, ಅವತ್ತು ಪರದೆ ಹಿಂದೆ ನಿಂತು ನಿಮ್ಮ ದನೀಲಿ ಕೂಗಿದ್ದು ನಾನು. ತಪ್ಪಾಯ್ತು."

ಆಮೇಲೆ ಮಾವನ ದನಿಯಲ್ಲಿ: "ಹ್ಞಾಂ, ನೋಡಪ್ಪಾ. ಹುಡುಗ್ರು ತಪ್ಪು ಮಾಡೋದು ಸಹಜ. ನಾನು ಆಗ್ಲೇ ಮರ್ತಿದೀನಿ, ಏಳು."

ಬಂಡೆ ಅದನ್ನು ಒಮ್ಮೆ ಮರುದನಿಸಿತು. ಅದಕ್ಕೂ ನನ್ನ ನಟನೆ ಮೆಚ್ಚಿಗೆಯಾದಂತಿತ್ತು.

"ನಾನು ಅಷ್ಟು ಬೇಗ ಒಪ್ಪಲ್ಲ," ಎಂದಿತು ಹಿಂದಿನಿಂದ ಅದೇ ದನಿ.

ಗುದ್ದಲಿ ನೀರಿಗೆ ಬಿತ್ತು. ಮಾವ ಕೊಡೆಯೂರಿ ನಿಂತಿದ್ದರು.

"ಮರ್ತೂ ಇಲ್ಲ. 'ನೋಡಪ್ಪಾ' ಅಂತ ನಾನು ಯಾವತ್ತೂ ಅಂದಿಲ್ಲ. ಗುದ್ದಲಿ ತೆಗಿ ಮೊದ್ಲು."

ನಾನು ಸೊಂಟದವರೆಗೆ ನೀರಲ್ಲಿಳಿದು ತಡಕಿ ತೆಗೆದೆ. ಒದ್ದೆ ಬಟ್ಟೆಯಲ್ಲಿ ಅವರೆದುರು ನಿಂತೆ. "ಮಾವ... ನಿಮಗೆ ಗೊತ್ತಿತ್ತಾ?"

"ಪರದೆ ನೆಲಕ್ಕೆ ಒಂದು ಗೇಣು ಕಮ್ಮಿ ಇತ್ತು. ನಿನ್ನ ಎಡಗಾಲ ಕಿರುಬೆರಳು ನೆಲ ಮುಟ್ಟಲ್ಲ, ಮೇಲೆದ್ದಿರುತ್ತೆ. ನಲವತ್ತು ವರ್ಷ ನೆಲಾನೇ ನೋಡ್ಕೊಂಡು ಬದುಕಿದವನು ನಾನು."

"ಮತ್ತೆ ಯಾಕೆ... ನಾನೇ ಅಂದೆ ಅಂತ...?"

ಮಾವ ದೊಣೆಯ ಅಂಚಿನಲ್ಲಿ ಕೂತು ಮಂಡಿ ನೀವಿಕೊಂಡರು. "ನಾನಲ್ಲ ಅಂದಿದ್ರೆ, ಹಾಗಾದ್ರೆ ಯಾರು ಅಂತ ಹುಡುಕ್ತಿದ್ರು. ಅರವತ್ತು ಜನ, ಅರ್ಧ ಹೊಟ್ಟೆ. ಸಿಕ್ಕಿದ್ರೆ ನಿನ್ನ ಬುಡ್ತಿದ್ರಾ? ಧಾರೆಯಾಗಿ ಒಂದು ಗಂಟೆ ಆಗಿತ್ತಷ್ಟೆ. ನಿಮ್ಮಕ್ಕ ನಮ್ಮನೆಗೆ ಸೊಸೆ ಅಂತ ಬರ್ಬೇಕಿತ್ತು. ಅಂಥವನ ಅಕ್ಕ ಅಂತ ಬರೋದು ನಂಗೆ ಬೇಡಾಗಿತ್ತು."

ನಾನು ಗುದ್ದಲಿಯ ಕೆಸರು ತೊಳೆಯತೊಡಗಿದೆ.

"ನಮ್ಮಪ್ಪನಿಗೆ ನೀವು ಒಂದು ಮಾತು ಹೇಳಿದ್ರೆ..." ಎಂದು ಕೊನೆಗೆ ಹೇಗೋ ತೊದಲಿದೆ.

"ಹೋಗಿದ್ದು ನಿನ್ನ ಬಾಯಿಂದ. ವಾಪಸ್ ತಗೊಳ್ಳೋದೂ ನಿನ್ನ ಬಾಯೇ ಆಗ್ಬೇಕು."

"ಅಕ್ಕ? ಅಪ್ಪ ಕರೆಯೋಕೆ ಬರಲ್ಲ ಮಾವ."

"ತವರಿನವರು ಬಂದು ಕರೀಬೇಕು ಅನ್ನೋದು ಪದ್ಧತಿ. ಅಪ್ಪನೇ ಬರ್ಬೇಕು ಅಂತ ಎಲ್ಲಿದೆ? ನೀನ್ಯಾರು, ಪಕ್ಕದ ಮನೆಯವನಾ?"

ಆ ಮಧ್ಯಾಹ್ನ ನಾನು ಎತ್ತಿದಷ್ಟು ಹೂಳನ್ನು ಆ ಬೆಟ್ಟ ಪಾಳೆಯಗಾರರ ಕಾಲದಲ್ಲೂ ಕಂಡಿರಲಿಕ್ಕಿಲ್ಲ. ಇಳಿಯುವ ಮುಂಚೆ ಬೊಗಸೆಯಲ್ಲಿ ಮೊಗೆದು ನಾನೂ ಕುಡಿದೆ. ಮಾವ ನೋಡಿ, ಕೊಡೆ ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ, ಸ್ನಾನ ಮಾಡಿ, ಅತ್ತೆಯಿಂದಲೇ ಎಲೆ ಅಡಿಕೆ ಕಡ ತಂದು, ಅವರಿಗೇ ತಾಂಬೂಲ ಕೊಟ್ಟು, "ಅಕ್ಕನ್ನ ಬಾಣಂತನಕ್ಕೆ ಕಳಿಸ್ಕೊಡಿ" ಎಂದು ಕರೆದೆ. ಜಗತ್ತಿನಲ್ಲಿ ಇಷ್ಟು ಬಡವಾದ ಕರೆ ಇನ್ನೊಂದು ಆಗಿರಲಾರದು. ಅತ್ತೆ ಅಕ್ಕನಿಗೆ ಮಡಿಲು ತುಂಬಿದರು. ಅಕ್ಕನ ಟ್ರಂಕು ಒಂದು ಕ್ಷಣದಲ್ಲಿ ಬೀದಿಗೆ ಬಂತು. ಮಾವನೂ ಜೊತೆಗೆ ಹೊರಟರು. ಬಸುರಿಯನ್ನು ನನ್ನೊಬ್ಬನ ಕೈಗೆ ಒಪ್ಪಿಸುವಷ್ಟು ನಂಬಿಕೆ ಇನ್ನೂ ಹುಟ್ಟಿರಲಿಲ್ಲ, ಅದು ಸರಿಯೇ.

ತುಮಕೂರಿಗೆ ಇಪ್ಪತ್ತೆರಡು ಮೈಲಿ, ತಲೆಗೆ ಒಂದು ರೂಪಾಯಿ. ಕಂಡಕ್ಟರು ಅಕ್ಕನನ್ನು 'ಬಾರಮ್ಮ' ಎಂದು ಮುಂದಿನ ಸೀಟಿಗೆ ಕೂರಿಸಿ, ಗುಂಡಿ ಬಂದಲ್ಲೆಲ್ಲ ಡ್ರೈವರಿಗೆ "ಮೆಲ್ಲಗಣ್ಣಾ, ಮೆಲ್ಲಗೆ" ಎನ್ನುತ್ತಿದ್ದ. ಅವನ ದನಿಯನ್ನು ನಾನು ಕಲಿಯಲಿಲ್ಲ. ಹಾಗೇ ಇರಲಿ ಅನ್ನಿಸಿತು. ಕಿಟಕಿಯಲ್ಲಿ ಗುಡ್ಡಗಳು ಹಿಂದೆ ಸರಿಯುತ್ತಿದ್ದವು. ಯಾವುದರ ತಲೆಯ ಮೇಲೆ ನೀರಿದೆ, ಯಾವುದರ ಮೇಲಿಲ್ಲ ಎಂದು ಆ ಬಸ್ಸಿನಲ್ಲಿ ಗೊತ್ತಿದ್ದವರು ನಾವಿಬ್ಬರೇ.

ಅಪ್ಪ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಮಗಳನ್ನು ಕಂಡು ಎದ್ದು ಬಂದು ಅವಳ ತಲೆ ಸವರಿದರು. ಮಾವನನ್ನು ಕಂಡು ಪತ್ರಿಕೆ ಮಡಿಸಿದರು, ಅಷ್ಟೆ.

"ಕರೆಯದೇನೇ ಕಳಿಸಿದ್ರಾ?" ಎಂದರು, ಮಾವನ ಮುಖ ನೋಡದೆ.

"ನಿಮ್ಮ ಮಗ ಬಂದು ಕರೆದ," ಎಂದರು ಮಾವ.

ಅಪ್ಪ ನನ್ನ ಕಡೆ ತಿರುಗಿದ ರೀತಿ ನೋಡಿ ಅಮ್ಮ ನಡುವೆ ಬಂದು, "ಮೊದ್ಲು ಊಟ. ಎಲೆ ಹಾಕಿದೀನಿ" ಎಂದಳು. ಅಪ್ಪ, ಮಾವ, ನಾನು ಸಾಲಾಗಿ ಕೂತೆವು. ಅಕ್ಕ ಒಳಬಾಗಿಲಿಗೆ ಒರಗಿ ಕೂತಿದ್ದಳು. ಹುಳಿ ಬಂತು, ಪಲ್ಯ ಬಂತು, ಸಾರು ಬಂತು. ಅಪ್ಪ ಮಾವನಿಗೆ "ಹಾಕಿಸ್ಕೊಳ್ಳಿ" ಎಂದು ಒಂದು ಸಲವೂ ಅನ್ನಲಿಲ್ಲ. ಮಾವನನ್ನು ಹೀಗೆ ಉಣ್ಣಲು ಬಿಟ್ಟು ಕಳಿಸಿದರೆ ಅಕ್ಕ ಬಂದದ್ದೂ ಬಾರದಂತೆಯೇ. ಅವಳು ತಟ್ಟೆ ಮುಟ್ಟದೆ ಇಬ್ಬರು ಮುದುಕರ ಬೆನ್ನನ್ನೇ ನೋಡುತ್ತಿದ್ದಳು. ಅಮ್ಮ ಮಜ್ಜಿಗೆಗೆಂದು ಒಳಗೆ ಹೋದಳು.

"ಅಪ್ಪ," ಎಂದೆ. ನನ್ನ ದನಿ ನನಗೇ ಹೊಸದಾಗಿ, ಸ್ವಲ್ಪ ಕೀರಲಾಗಿ ಕೇಳಿಸಿತು. "ಅಕ್ಕನ ಮದುವೇಲಿ ಪಂಕ್ತಿ ಎಬ್ಬಿಸಿದ್ದು ಮಾವ ಅಲ್ಲ. ಪರದೆ ಹಿಂದೆ ಅವರ ದನೀಲಿ ಕೂಗಿದ್ದು ನಾನು. ನನ್ನ ಉಳಿಸೋಕೆ ಅವರು ತಮ್ಮ ಮೇಲೆ ಹಾಕ್ಕೊಂಡ್ರು. ಇಷ್ಟು ದಿನ ನಾನು ಬಾಯಿ ಬಿಡ್ಲಿಲ್ಲ."

ಅಪ್ಪನ ಕೈಯ ತುತ್ತು ಎಲೆಗೆ ಬಿತ್ತು. ಅವರು ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಒಂದೂವರೆ ವರ್ಷದ ಮಾತುಗಳೆಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದವು. ಆಮೇಲೆ ಮುಖ ಕೆಂಪೇರಿತು. ನನಗೆ ಹೊಡೆಯಲೋ, ಮಾವನ ಕಾಲಿಗೆ ಬೀಳಲೋ, ಬಹುಶಃ ಅವರಿಗೇ ತಿಳಿಯದೆ, ಎಂಜಲು ಕೈಯನ್ನು ನೆಲಕ್ಕೂರಿ ಎಲೆಯ ಮುಂದಿನಿಂದ ಅರ್ಧ ಎದ್ದರು.

ಮಾವ ತಲೆಯೆತ್ತಲಿಲ್ಲ. ಎಡಗೈ ಚಾಚಿ ಅಪ್ಪನ ಪಂಚೆಯ ಅಂಚು ಹಿಡಿದು ಕೆಳಕ್ಕೆ ಎಳೆದರು.

"ಹ್ಞಾಂ, ನೋಡಿ. ಕೂತ್ಕೊಳ್ಳಿ ಬೀಗರೇ. ಇನ್ನೂ ಮಜ್ಜಿಗೆ ಬಂದಿಲ್ಲ."